ಸೈಕಲ್ ಮೇಲೊಂದು ವಾರ, ಗಡಿನಾಡಿನ ದ್ರಾಕ್ಷಿ ತೋಟಗಳಲ್ಲಿ

ಹನ್ನೆರಡನೆಯ ತರಗತಿಯ 'ಫ್ಲೆಮಿಂಗೊ' ಇಂಗ್ಲಿಷ್ ಪಠ್ಯದಲ್ಲಿ 'ದಿ ಲಾಸ್ಟ್ ಲೆಸನ್' ಓದಿದವರಿಗೆ ಅಲ್ಸಾಸ್ ಎಂಬ ಹೆಸರು ಹೊಸದಲ್ಲ. ಫ್ರಾನ್ಸಿನ ಪೂರ್ವ ಗಡಿಯ ಪ್ರಾಂತವದು. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ ಹಳ್ಳಿಯ ಶಾಲೆಯೊಂದರಲ್ಲಿ ನಡೆಯುವ ಕೊನೆಯ ಫ್ರೆಂಚ್ ಪಾಠವೇ ಅಲ್ಫೋನ್ಸ್ ದೋದೆಯ ಕಥೆಯ ವಸ್ತು. ಪುಸ್ತಕದಲ್ಲಿ ಓದಿದ ಆ ನಾಡನ್ನು ನೋಡಬೇಕೆಂದರೆ ಬಸ್ಸಿಗಿಂತ ಸೈಕಲ್ಲೇ ವಾಸಿ.

ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು, ಪೂರ್ವಕ್ಕೆ ರೈನ್ ನದಿಯ ಬಯಲು. ಎರಡರ ನಡುವಿನ ಇಳಿಜಾರಿನುದ್ದಕ್ಕೂ ದ್ರಾಕ್ಷಿ ತೋಟಗಳು. ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ತಾನ್ ಪಟ್ಟಣದವರೆಗೆ 1953ರಲ್ಲಿ ಗುರುತಿಸಿದ 'ವೈನ್ ಹಾದಿ' ಸುಮಾರು 170 ಕಿ.ಮೀ. ಉದ್ದವಿದೆ. ಅದು ವಾಹನಗಳ ರಸ್ತೆ. ಸೈಕಲ್ ಸವಾರರಿಗೆ ಬೇರೆ ದಾರಿಯೇ ಇದೆ. ಲಂಡನ್‌ನಿಂದ ಇಟಲಿಯತ್ತ ಸಾಗುವ 'ಯೂರೋವೆಲೋ 5' ಮಾರ್ಗದ ತುಣುಕು ಅದು. ಸುಮಾರು 130 ಕಿ.ಮೀ. ಎಂದರೆ ದಿನಕ್ಕೆ ಇಪ್ಪತ್ತೂ ಆಗದು. ಲೆಕ್ಕ ಸುಲಭ, ತುಳಿಯುವುದು ಅಷ್ಟು ಸುಲಭವಲ್ಲ. ಒಂದು ಏರು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು. ದಣಿದವರು ಬಯಲಿಗೆ ಇಳಿದು ಸೆಲೆಸ್ಟಾ ಅಥವಾ ಕೋಲ್ಮಾರ್‌ನಲ್ಲಿ ಸೈಕಲ್ ಸಮೇತ ರೈಲು ಹತ್ತಬಹುದು. ಹೆತ್ತವರು ನೆನಪಿಡಬೇಕಾದ ಮಾತೊಂದಿದೆ: 12 ವರ್ಷದೊಳಗಿನ ಮಕ್ಕಳು ಹೆಲ್ಮೆಟ್ ಇಲ್ಲದೆ ಸೈಕಲ್ ಏರುವಂತಿಲ್ಲ, 2017ರಿಂದ ಅಲ್ಲಿ ಇದು ಕಾನೂನು. ವೈನ್ ರುಚಿ ದೊಡ್ಡವರಿಗೆ ಬಿಟ್ಟದ್ದು, ಮಕ್ಕಳಿಗೆ ದ್ರಾಕ್ಷಿ ರಸ ಉಂಟು.

ಇಲ್ಲೇ ಏಕೆ ಇಷ್ಟು ದ್ರಾಕ್ಷಿ? ಭೂಗೋಳದ ಮೇಷ್ಟರು ಹೇಳುವ 'ಮಳೆ ನೆರಳು' ಇದಕ್ಕೆ ಉತ್ತರ. ಪಶ್ಚಿಮದಿಂದ ಬರುವ ಮೋಡಗಳು ವೋಜ್ ಬೆಟ್ಟಕ್ಕೆ ತಾಕಿ ಅಲ್ಲೇ ಸುರಿದುಬಿಡುತ್ತವೆ. ಈಚೆಗಿನ ಕೋಲ್ಮಾರ್ ಫ್ರಾನ್ಸಿನ ಅತಿ ಒಣ ಪಟ್ಟಣಗಳಲ್ಲೊಂದು. ಬಿಸಿಲಿಗೆ ಮುಖ ಮಾಡಿದ ಇಳಿಜಾರು, ಕಡಿಮೆ ಮಳೆ. ದ್ರಾಕ್ಷಿಗೆ ಬೇಕಾದದ್ದು ಅದೇ.

ಮೊದಲೆರಡು ದಿನ ಓಬರ್ನೇಯಂಥ ಕೋಟೆಗೋಡೆಯ ಊರುಗಳು. ವಿದ್ಯಾರ್ಥಿಗಳು ತಡೆದು ನಿಲ್ಲಬೇಕಾದ್ದು ಸೆಲೆಸ್ಟಾದಲ್ಲಿ. ಬೆಯಾಟುಸ್ ರೆನಾನುಸ್ ಎಂಬ ವಿದ್ವಾಂಸ 1547ರಲ್ಲಿ ಸಾಯುವ ಮುನ್ನ ತನ್ನ ಪುಸ್ತಕಗಳನ್ನು ಈ ಊರಿಗೇ ಕೊಟ್ಟ. ಆ ಸಂಗ್ರಹ 2011ರಲ್ಲಿ ಯುನೆಸ್ಕೋದ 'ವಿಶ್ವದ ನೆನಪು' ಪಟ್ಟಿಗೆ ಸೇರಿತು. ಅಮೂಲ್ಯ ಗ್ರಂಥಗಳ ಜೊತೆಗೆ ಅವನ ಶಾಲಾ ನೋಟ್‌ಬುಕ್ಕೂ ಅಲ್ಲಿದೆ. 1498ರ ಹೊತ್ತಿಗೆ ಹುಡುಗನೊಬ್ಬ ಲ್ಯಾಟಿನ್ ಪಾಠ ಬರೆದುಕೊಂಡ ಹಾಳೆಗಳು! ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕುವ ಮನೆಗಳಲ್ಲಿ ಇದನ್ನು ನಂಬುವುದು ಕಷ್ಟ.

ನಾಲ್ಕನೆಯ ದಿನದ ಹೊತ್ತಿಗೆ ಕೈಸೆರ್ಸ್‌ಬೆರ್ಗ್. ಆಲ್ಬರ್ಟ್ ಶ್ವೈಟ್ಸರ್ 1875ರಲ್ಲಿ ಹುಟ್ಟಿದ್ದು ಇಲ್ಲಿಯೇ. ಆಗ ಅಲ್ಸಾಸ್ ಜರ್ಮನಿಯದು. ಆಫ್ರಿಕಾದ ಲಾಂಬರೆನೆಯಲ್ಲಿ ಆಸ್ಪತ್ರೆ ತೆರೆದ ಈ ವೈದ್ಯನನ್ನು, ಜರ್ಮನ್ ಪ್ರಜೆ ಎಂಬ ಒಂದೇ ಕಾರಣಕ್ಕೆ ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚರು ಸೆರೆಯಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಅಲ್ಸಾಸ್ ಫ್ರಾನ್ಸಿಗೆ ಬಂತು, ಶ್ವೈಟ್ಸರ್ ಫ್ರೆಂಚ್ ಪ್ರಜೆಯಾದರು. 1952ರ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಸಂದಿತು.

ಇದು ಒಬ್ಬರ ಕಥೆಯಲ್ಲ. 1871, 1918, 1940, 1945: ಮುಕ್ಕಾಲು ಶತಮಾನದಲ್ಲಿ ನಾಲ್ಕು ಬಾರಿ ಈ ನಾಡಿನ ಒಡೆತನ ಬದಲಾಯಿತು. ಊರು ಬಿಟ್ಟು ಕದಲದ ಅಜ್ಜಿಯೊಬ್ಬಳು ನಾಲ್ಕು ಸಲ ದೇಶ ಬದಲಿಸಿದಂತಾಯಿತು. 1942ರಿಂದ ಅಲ್ಸಾಸ್ ಮತ್ತು ನೆರೆಯ ಮೊಸೆಲ್‌ನ ಸುಮಾರು 1,30,000 ಜನರನ್ನು ನಾಜಿಗಳು ಬಲವಂತವಾಗಿ ತಮ್ಮ ಸೈನ್ಯಕ್ಕೆ ಸೇರಿಸಿದರು. 'ನಮ್ಮ ಮನಸ್ಸಿಗೆ ವಿರುದ್ಧವಾಗಿ ಹೋದವರು' ಎಂದೇ ಅವರಿಗೆ ಹೆಸರು. ಕೈಸೆರ್ಸ್‌ಬೆರ್ಗ್‌ನಿಂದ ಕೋಲ್ಮಾರ್ ಕಡೆಗೆ ಇಳಿಯುವಾಗ ಸಿಗೋಲ್ಸ್‌ಹೈಮ್ ಹಳ್ಳಿ ಸಿಗುತ್ತದೆ. 1944ರ ಡಿಸೆಂಬರಿನ ಕಾದಾಟದಲ್ಲಿ ಈ ಊರು ನೆಲಸಮವಾಗಿತ್ತು. ತೋಟಗಳ ಮೇಲಿನ ಗುಡ್ಡದಲ್ಲಿ ಫ್ರೆಂಚ್ ಸೈನ್ಯದ ಸುಮಾರು 1,600 ಯೋಧರ ಸಮಾಧಿಗಳಿವೆ. ಅವರಲ್ಲಿ ಎಷ್ಟೋ ಮಂದಿ ಉತ್ತರ ಆಫ್ರಿಕಾದಿಂದ ಬಂದವರು. ಅಲ್ಲಿಂದ ಕೇವಲ ಕೆಲವು ಕಿ.ಮೀ. ದೂರದ ರಿಕ್ವಿರ್ ಮಾತ್ರ ಯುದ್ಧದಿಂದ ಹೆಚ್ಚುಕಡಿಮೆ ಪಾರಾಯಿತು. ಅಲ್ಲಿನ 1291ರ ಗೋಪುರದ್ವಾರದ ಮುಂದೆ ಪ್ರವಾಸಿಗರ ನೂಕುನುಗ್ಗಲು. ಸಿಗೋಲ್ಸ್‌ಹೈಮ್ ಗುಡ್ಡ ಹತ್ತುವವರು ಕಡಿಮೆ.

ಕೋಲ್ಮಾರ್‌ನಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಶಿಲ್ಪಿ ಬಾರ್ತೋಲ್ದಿ ಹುಟ್ಟಿದ ಮನೆ ನೋಡಿ, ತಾನ್‌ನ ಕಡಿದಾದ ತೋಟಗಳ ಕಡೆ ಹೊರಟರೆ ವಾರ ಮುಗಿಯಿತು.

ದೋದೆಯ ಕಥೆ ಹೇಳದೆ ಬಿಟ್ಟ ಸಂಗತಿಯೊಂದು ದಾರಿಯುದ್ದಕ್ಕೂ ಕಿವಿಗೆ ಬೀಳುತ್ತದೆ. ಆ ಕಾಲದ ಹಳ್ಳಿ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಫ್ರೆಂಚ್ ಆಗಿರಲಿಲ್ಲ. ಜರ್ಮನ್‌ಗೆ ಹತ್ತಿರದ ಅಲ್ಸೇಶಿಯನ್ ಆಗಿತ್ತು. 1940ರಲ್ಲಿ ನಾಜಿಗಳು ಫ್ರೆಂಚನ್ನು ನಿಷೇಧಿಸಿದರು, ತಲೆಯ ಮೇಲಿನ ಫ್ರೆಂಚ್ ಟೋಪಿಯನ್ನೂ ಬಿಡಲಿಲ್ಲ. 1945ರ ನಂತರ ಫ್ರೆಂಚ್ ಸರ್ಕಾರ ಪ್ರಾಥಮಿಕ ಶಾಲೆಗಳಿಂದ ಜರ್ಮನ್ ಪಾಠ ತೆಗೆಯಿತು. ಅಲ್ಸೇಶಿಯನ್ ಆಡಿದ ಮಕ್ಕಳಿಗೆ ಶಾಲೆಯಲ್ಲಿ ಗದರಿಕೆ. ಎರಡೂ ಕಡೆಯವರು ಅಪ್ಪಣೆ ಮಾಡಿದರೇ ಹೊರತು ಮಕ್ಕಳ ಮಾತನ್ನು ಕೇಳಿದವರಿಲ್ಲ. ಇಂದು ಆ ಭಾಷೆ ಹೆಚ್ಚಾಗಿ ಹಿರಿಯರ ಬಾಯಲ್ಲಿ ಉಳಿದಿದೆ. ಸ್ಟ್ರಾಸ್‌ಬೂರ್‌ನ ಹಳೆಯ ಬೀದಿಗಳ ಫಲಕಗಳಲ್ಲಿ ಫ್ರೆಂಚ್ ಹೆಸರಿನ ಕೆಳಗೆ ಅಲ್ಸೇಶಿಯನ್ ಹೆಸರೂ ಇದೆ. 1990ರ ದಶಕದಿಂದ ಹಲವು ಶಾಲೆಗಳಲ್ಲಿ ಅರ್ಧ ದಿನ ಫ್ರೆಂಚ್, ಅರ್ಧ ದಿನ ಜರ್ಮನ್‌ನಲ್ಲಿ ಪಾಠ ನಡೆಯುತ್ತಿದೆ.