ಹೊಳೆಗಲ್ಲಿನ ರಾಜಬೀದಿ

ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಪ್ರವಾಸಿ ಬಸ್ಸು ಹತ್ತಿದವರೆಲ್ಲ ಕತ್ತೆತ್ತಿ ನೋಡುವುದು ರಾಕೆಟ್ ಜೋಡಿಸುವ 160 ಮೀಟರ್ ಎತ್ತರದ ಕಟ್ಟಡವನ್ನು. ನನ್ನ ಕಣ್ಣು ನೆಟ್ಟಿದ್ದು ಅದರ ಬುಡದಿಂದ ಉಡಾವಣಾ ಕಟ್ಟೆಯತ್ತ ಹೊರಟ ದಾರಿಯ ಮೇಲೆ. ಡಾಂಬರಿಲ್ಲ, ಕಾಂಕ್ರೀಟಿಲ್ಲ. ನಡುವೆ ಹುಲ್ಲು, ಅತ್ತಿತ್ತ ಕಂದು ಬಣ್ಣದ ಉರುಟು ಹೊಳೆಗಲ್ಲು. ಅಲಬಾಮಾದಿಂದ ತರಿಸಿದ್ದಂತೆ. ಉರುಟುಗಲ್ಲು ಭಾರ ಬಿದ್ದಾಗ ಹೊರಳಿಕೊಳ್ಳುತ್ತದೆ, ಕಿಡಿ ಹಾರುವ ಭಯವೂ ಕಡಿಮೆ. ಆದರೂ ಎಷ್ಟೋ ಕಲ್ಲುಗಳು ಪುಡಿಪುಡಿಯಾಗುತ್ತವೆ.

ಆಗದೆ ಏನು! ರಾಕೆಟ್ ಹೊತ್ತು ಮೇಲೆ ಹಾಯುವ ಕ್ರಾಲರ್ ವಾಹನದ ತೂಕವೇ ಸುಮಾರು 3,000 ಟನ್. ಅದರ ಪಟ್ಟಿಗಳಲ್ಲಿ 456 ಉಕ್ಕಿನ ಹಲಗೆಗಳು, ಒಂದೊಂದೂ ಹೆಚ್ಚುಕಡಿಮೆ ಒಂದು ಟನ್. ಹೊರೆ ಹೊತ್ತಾಗ ಗಂಟೆಗೆ 1.6 ಕಿ.ಮೀ. ದಾಟುವುದಿಲ್ಲ. 2022ರ ಮಾರ್ಚಿನಲ್ಲಿ ಚಂದ್ರನತ್ತ ಹೊರಡಲಿದ್ದ ಆರ್ಟೆಮಿಸ್-1ರ ರಾಕೆಟ್ಟನ್ನು ಕಟ್ಟೆ ಮುಟ್ಟಿಸಲು ಹೆಚ್ಚುಕಡಿಮೆ ಹನ್ನೊಂದು ಗಂಟೆ ಹಿಡಿಯಿತು. ಕಟ್ಟೆಯ ಏರಿನಲ್ಲಿ ನಮ್ಮೂರ ತೇರಾಗಿದ್ದರೆ ಹಿಂದಕ್ಕೆ ವಾಲುತ್ತಿತ್ತು. ಇಲ್ಲಿ ಹೈಡ್ರಾಲಿಕ್ ಜಾಕ್‌ಗಳು ವೇದಿಕೆಯನ್ನು ಸಮಮಟ್ಟಕ್ಕೆ ತಂದು ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸುತ್ತವೆ.

ಕಟ್ಟಡದ ಸಮೀಪದಲ್ಲೇ ಒಂದು ಕಾಲುವೆ ಬಂದು ಮುಗಿಯುತ್ತದೆ. ರಾಕೆಟ್ಟಿನ ಮುಖ್ಯ ಹಂತ 65 ಮೀಟರ್ ಉದ್ದ, 8.4 ಮೀಟರ್ ದಪ್ಪ. ಅದು ತಯಾರಾಗುವುದು ನ್ಯೂ ಆರ್ಲಿಯನ್ಸ್‌ನಲ್ಲಿ. ರಸ್ತೆಯಲ್ಲಿ ತರೋಣವೆಂದರೆ ಯಾವ ಸೇತುವೆಯಡಿ ನುಸುಳೀತು? ಹಾಗಾಗಿ 'ಪೆಗಾಸಸ್' ಎಂಬ 94 ಮೀಟರಿನ ಬಾರ್ಜ್‌ನಲ್ಲಿ ಮಲಗಿಸಿ, ಟಗ್ ದೋಣಿ ಕಟ್ಟಿ, ಸುಮಾರು 1,450 ಕಿ.ಮೀ. ಎಳೆದು ತರುತ್ತಾರೆ. ಜಲಮಾರ್ಗ ಇದ್ದುದರಿಂದ ಅದು ಇಡಿಯಾಗಿ ಬಂತು.

ಪಕ್ಕದ ಬೂಸ್ಟರ್‌ಗಳಿಗೆ ಆ ಭಾಗ್ಯವಿಲ್ಲ. ಅವು ಯೂಟಾ ರಾಜ್ಯದವು, ಸಮುದ್ರದಿಂದ ಬಲು ದೂರ. ರೈಲೇ ಗತಿ. ಇಡಿಯಾಗಿ ರೈಲಿಗೇರದು ಎಂದು ತುಂಡುಗಳಲ್ಲಿ ಮಾಡಿ ಇಲ್ಲಿ ಜೋಡಿಸುತ್ತಾರೆ. ಷಟಲ್ ಕಾಲದಲ್ಲೂ ಇದೇ ಪದ್ಧತಿ. ರಾಕೆಟ್ಟಿನ ಆಕಾರವನ್ನು ಎಂಜಿನಿಯರ್ ಎಷ್ಟು ನಿರ್ಧರಿಸುತ್ತಾನೋ ಸಾಗಣೆಯ ದಾರಿಯೂ ಅಷ್ಟೇ ನಿರ್ಧರಿಸುತ್ತದೆ ಅನ್ನಿಸಿತು. 1986ರ ಜನವರಿ 28ರ ಚಳಿಯಲ್ಲಿ ಸೋತದ್ದು ಅಂಥದೊಂದು ಜೋಡಣೆಯ ರಬ್ಬರ್ ಉಂಗುರ. ಹಾರಿದ 73 ಸೆಕೆಂಡಿಗೆ ಚಾಲೆಂಜರ್ ಷಟಲ್ ಒಡೆದು ಏಳು ಮಂದಿ ತೀರಿಕೊಂಡರು.

ನಮ್ಮ ಶ್ರೀಹರಿಕೋಟದ ಉಡಾವಣಾ ಕೇಂದ್ರದಲ್ಲಿ ಎಸ್200 ಎಂಬ ಬೂಸ್ಟರ್‌ನ ಇಂಧನವನ್ನು ದ್ವೀಪದಲ್ಲೇ ಎರಕ ಹೊಯ್ಯುತ್ತಾರೆ, ರೈಲಿನ ಗೊಡವೆಯಿಲ್ಲ. ಆದರೂ ಅದು ಮೂರು ತುಂಡು. ಅಂದರೆ ತುಂಡು ಮಾಡಲು ಸಾಗಣೆಯ ದಾರಿಯೊಂದೇ ಕಾರಣವಲ್ಲ.

ಕೆನಡಿಯ ಅಟ್ಲಾಂಟಿಸ್ ಭವನದಲ್ಲಿ ಚಾಲೆಂಜರ್‌ನ ಮೈಯ ಒಂದು ತುಂಡನ್ನು ಅದರ ಮೇಲಿನ ಧ್ವಜದ ಸಮೇತ ಇಟ್ಟಿದ್ದಾರೆ. ಹೋದವರು ಅದನ್ನು ನೋಡದೆ ಬರಬೇಡಿ.