ಗುಂಡಿ ಒತ್ತಿದ ಮೇಲೆ ಎಲ್ಲಿ ನಿಂತಿತು?

ಡೆಸ್ಕ್‌ಟಾಪ್ ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ಫೋನ್ ಮಾಡಿದರೆ ಕೆಲಸ ಬಲ್ಲ ಮೆಕ್ಯಾನಿಕ್ ತಿರುಗಿ ಕೇಳುವ ಪ್ರಶ್ನೆಗಳು ಮೂರು. ಫ್ಯಾನ್ ತಿರುಗುತ್ತಾ? ಬೀಪ್ ಬರುತ್ತಾ? ಡಿಸ್‌ಪ್ಲೇ ಬರುತ್ತಾ? ಕಂಪ್ಯೂಟರ್ ಒಂದೇ ಏಟಿಗೆ ಎಚ್ಚರಾಗುವುದಿಲ್ಲ. ಒಂದು ಭಾಗ ಸರಿ ಎಂದ ಮೇಲೆಯೇ ಮುಂದಿನದು ಏಳುತ್ತದೆ. ಯಾವ ಹಂತದಲ್ಲಿ ನಿಂತಿದೆ ಎಂಬುದು ತಿಳಿದರೆ, ಬಿಚ್ಚುವ ಮೊದಲೇ ಅರ್ಧ ರಿಪೇರಿ ಮುಗಿದಂತೆ.

ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ ಎಸ್‌ಎಂಪಿಎಸ್ ಎಂಬ ಪವರ್ ಡಬ್ಬಿಯ ನೇರಳೆ ತಂತಿಯಲ್ಲಿ 5 ವೋಲ್ಟ್ ಇರುತ್ತದೆ. ನಾವು ಒತ್ತುವ ಗುಂಡಿ 230 ವೋಲ್ಟಿನ ಲೈನನ್ನು ಮುಟ್ಟುವುದೇ ಇಲ್ಲ. ಅದು ಎರಡು ಸಣ್ಣ ತಂತಿಗಳನ್ನು ಕ್ಷಣಮಾತ್ರ ಕೂಡಿಸಿ ಮದರ್‌ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಆಗ ಮದರ್‌ಬೋರ್ಡ್ ಹಸಿರು ತಂತಿಯ ವೋಲ್ಟೇಜನ್ನು ಸೊನ್ನೆಗೆ ಇಳಿಸುತ್ತದೆ. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟ್‌ಗಳನ್ನು ಹೊರಬಿಡುತ್ತದೆ. ಆದರೆ ಪ್ರೊಸೆಸರ್ ಇನ್ನೂ ಏಳುವಂತಿಲ್ಲ. ಬೋರ್‌ವೆಲ್ ಮೋಟಾರ್ ಹಾಕಿದಾಗ ಮೊದಲು ಬರುವ ಕೆಸರು ನೀರನ್ನು ಹೊರಗೆ ಬಿಟ್ಟು, ತಿಳಿಯಾದ ಮೇಲೆ ತೊಟ್ಟಿಗೆ ತಿರುಗಿಸುತ್ತೇವಲ್ಲ, ಹಾಗೆ ಇಲ್ಲೂ ವೋಲ್ಟೇಜ್ ನೆಲೆಗೊಳ್ಳುವವರೆಗೆ ಕಾಯಬೇಕು. ನೆಲೆಗೊಂಡ ಮೇಲೆ, ಸುಮಾರು 100ರಿಂದ 500 ಮಿಲಿಸೆಕೆಂಡಿನೊಳಗೆ, ಬೂದು ತಂತಿಯಲ್ಲಿ ‘ಪವರ್ ಗುಡ್’ ಸಂಕೇತ ಬರುತ್ತದೆ. ಎಸ್‌ಎಂಪಿಎಸ್ ಸೊರಗಿ ಈ ಸಂಕೇತ ಬಾರದೇ ಹೋದರೆ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಫ್ಯಾನೇ ತಿರುಗದಿದ್ದರೆ ಪ್ಲಗ್ ಪಾಯಿಂಟ್, ಸ್ಪೈಕ್ ಬಸ್ಟರ್, ಪವರ್ ಕೇಬಲ್, ಕ್ಯಾಬಿನೆಟ್ಟಿನ ಹಿಂದಿನ ಪುಟ್ಟ ಸ್ವಿಚ್ ಇವನ್ನು ಮೊದಲು ನೋಡಿ. ಎಸ್‌ಎಂಪಿಎಸ್ ಮೇಲೆಯೇ ಅನುಮಾನ ಬಂದರೆ ಇಡಿಯಾಗಿ ಬದಲಿಸಿ. ಅದರ ಡಬ್ಬಿಯನ್ನು ಮನೆಯಲ್ಲಿ ಎಂದಿಗೂ ಬಿಚ್ಚಬೇಡಿ. ಒಳಗೆ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿಯಾಗಿ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎನ್ನುತ್ತದೆಯೇ? ಅದನ್ನೂ ಕಡೆಗಣಿಸಬೇಡಿ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದಾಗ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಲೈನ್ ವೋಲ್ಟೇಜಿನ ಅರ್ಧದಷ್ಟು ಲೋಹದ ಮೈಗೆ ಬರುತ್ತದೆ. ಇದಕ್ಕೆ ಕರೆಸಬೇಕಾದ್ದು ಎಲೆಕ್ಟ್ರಿಷಿಯನ್ನನ್ನು.

‘ಪವರ್ ಗುಡ್’ ಸಿಕ್ಕ ಪ್ರೊಸೆಸರ್ ಮಾಡುವ ಮೊದಲ ಕೆಲಸ ನನಗೆ ಇಂದಿಗೂ ಅಚ್ಚರಿಯ ಸಂಗತಿ. ಅದಕ್ಕೆ ರ‍್ಯಾಮ್ ಎಷ್ಟಿದೆ, ಡಿಸ್ಕ್ ಎಲ್ಲಿದೆ ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಒಂದೇ ವಿಳಾಸ: 4 ಜಿಬಿ ಗಡಿಗೆ 16 ಬೈಟ್ ಕೆಳಗಿನ ಜಾಗ. ಅಲ್ಲಿ ಮದರ್‌ಬೋರ್ಡಿನ ಬಯೋಸ್ ಚಿಪ್ ಇಟ್ಟಿರುವ ಮೊದಲ ಆದೇಶ ಕಾದಿರುತ್ತದೆ. ರ‍್ಯಾಮ್ ಸಿದ್ಧವಾಗುವ ತನಕ ಪ್ರೊಸೆಸರ್ ತನ್ನದೇ ಕ್ಯಾಶ್ ಮೆಮೊರಿಯನ್ನು ಬರೆದು ಅಳಿಸುವ ಪಾಟಿಯ ಹಾಗೆ ಬಳಸುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿ ತನ್ನ ತಪಾಸಣೆ ಮುಗಿಸಿ ಒಂದು ಸಣ್ಣ ಬೀಪ್ ಹೊಡೆಯುತ್ತಿತ್ತು. ಈಗಿನ ಹಲವು ಮದರ್‌ಬೋರ್ಡ್‌ಗಳಲ್ಲಿ ಬೀಪಿನ ಬದಲು ನಾಲ್ಕು ಪುಟ್ಟ ಎಲ್‌ಇಡಿಗಳಿರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವುದು ಆರದೆ ಉರಿಯುತ್ತಿದೆಯೋ ತೊಂದರೆ ಅಲ್ಲಿದೆ.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ ಎಂಬ ದೂರಿನಲ್ಲಿ ಮೊದಲು ನೋಡಬೇಕಾದದ್ದು ರ‍್ಯಾಮ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಇದಕ್ಕೆ ಬಳಸುವ ಉಪಕರಣ ಮಕ್ಕಳ ಪೆನ್ಸಿಲ್ ರಬ್ಬರ್. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಸ್ಲಾಟಿನ ಕ್ಲಿಪ್ ಅಗಲಿಸಿದರೆ ರ‍್ಯಾಮ್ ಮೇಲೇಳುತ್ತದೆ. ಡಿಡಿಆರ್4 ಆದರೆ ಅಂಚಿನಲ್ಲಿ ಎರಡೂ ಬದಿ ಸೇರಿ 288 ಚಿನ್ನದ ಲೇಪದ ಪಟ್ಟಿಗಳು. ಚಿನ್ನಕ್ಕೆ ತುಕ್ಕಿಲ್ಲ ನಿಜ, ಆದರೆ ಲೇಪ ಬಲು ತೆಳು. ಅದರ ಮೇಲೆ ಬೆರಳಿನ ಜಿಡ್ಡು, ಧೂಳು, ಮಳೆಗಾಲದ ತೇವ ಸೇರಿ ಪೊರೆ ಕಟ್ಟುತ್ತದೆ. ಒಂದು ಪಟ್ಟಿಯ ಸಂಪರ್ಕ ತಪ್ಪಿದರೂ ಯಂತ್ರ ನಿಂತುಬಿಡಬಹುದು. ಮೆತ್ತನೆಯ ಬಿಳಿ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ, ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆದು, ಕ್ಲಿಪ್ ಟಕ್ಕೆಂದು ಕೂರುವವರೆಗೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಇಷ್ಟರಿಂದ ಸರಿಹೋಗುವ ಕಂಪ್ಯೂಟರ್ ಗುಜರಿ ಸೇರುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಡಿಡಿಆರ್5 ಇರುವ ಹೊಸ ಯಂತ್ರದಲ್ಲಿ ಮಾತ್ರ ಅವಸರ ಬೇಡ. ರ‍್ಯಾಮ್ ಬದಲಿಸಿದ ಮೊದಲ ಸಲ ಅದು ತನ್ನ ವೇಳೆಯ ಲೆಕ್ಕ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರಬಹುದು. ನಡುವೆ ಪವರ್ ತೆಗೆಯಬೇಡಿ.

ಗಡಿಯಾರ ಪ್ರತಿ ಸಲ ಹಳೆಯ ತಾರೀಖಿಗೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ. ಅದರ 3 ವೋಲ್ಟಿನ ಮೇಲೆ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳೊಂದು ಪವರ್ ಇಲ್ಲದಾಗಲೂ ಸಮಯ ಎಣಿಸುತ್ತಿರುತ್ತದೆ. ಸೆಲ್ ಸತ್ತು ಬಯೋಸ್ ಸೆಟ್ಟಿಂಗ್ ಅಳಿಸಿಹೋದರೆ, ಚೆನ್ನಾಗಿರುವ ಡಿಸ್ಕನ್ನೇ ಕಂಪ್ಯೂಟರ್ ‘ಸಿಗುತ್ತಿಲ್ಲ’ ಎನ್ನುವುದೂ ಉಂಟು.

ಮದರ್‌ಬೋರ್ಡ್ ಕಂಪನಿಯ ಲೋಗೊ ಬಂದು ವಿಂಡೋಸ್ ಮಾತ್ರ ಬರದಿದ್ದರೆ ಈವರೆಗಿನ ಹಂತಗಳೆಲ್ಲ ಬಹುಮಟ್ಟಿಗೆ ಸರಿಯಿವೆ ಎಂದರ್ಥ. ಇನ್ನುಳಿದ ಅನುಮಾನ ಡಿಸ್ಕಿನ ಮೇಲೆ, ಇಲ್ಲವೇ ಅದರಲ್ಲಿರುವ ಸಾಫ್ಟ್‌ವೇರಿನ ಮೇಲೆ. ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೆಯಬೇಕು’ ಎಂದರೆ ಕೂಡಲೇ ಹೂಂ ಅನ್ನಬೇಡಿ. ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಸಿನಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ ಮದುವೆಯ ಫೋಟೊ, ಜಮೀನಿನ ಪತ್ರದ ಸ್ಕ್ಯಾನ್, ಮಕ್ಕಳ ಪ್ರಾಜೆಕ್ಟ್ ಎಲ್ಲ ಮೊದಲು ನಕಲಾಗುತ್ತವೆ. ಇತ್ತೀಚಿನ ವಿಂಡೋಸ್ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿರಬಹುದು. ಆಗ ಡಿಸ್ಕ್ ಹೊರತೆಗೆದರೂ, ಮದರ್‌ಬೋರ್ಡ್ ಬದಲಿಸಿದರೂ ಅದು 48 ಅಂಕಿಯ ಕೀಲಿಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕಂಪ್ಯೂಟರ್ ಸುಸ್ಥಿತಿಯಲ್ಲಿರುವಾಗಲೇ ಅದನ್ನು ಕಾಗದದಲ್ಲಿ ಬರೆದು ಮನೆಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ.