ಬೀದರಿನಿಂದ ಬೆಂಗಳೂರಿಗೆ ಹಾರುವ ಹೊತ್ತೆಷ್ಟು?

2020ರ ಫೆಬ್ರವರಿಯಲ್ಲಿ ಬೀದರಿಗೂ ಬೆಂಗಳೂರಿಗೂ ನಡುವೆ ನಾಗರಿಕ ವಿಮಾನ ಸಂಚಾರವು ಮೊದಲಾಯಿತು. ಈ ಆಕಾಶಮಾರ್ಗದ ದೂರವನ್ನು ನಾವು ಭೂಪಟದಿಂದಲೇ ಎಣಿಸಬಹುದು. ಎರಡು ನಿಲ್ದಾಣಗಳೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಬೀದರಿನ ಅಕ್ಷಾಂಶವು 17.9 ಡಿಗ್ರಿ, ಬೆಂಗಳೂರು ನಿಲ್ದಾಣದ್ದು 13.2 ಡಿಗ್ರಿ; ಅಂತರ 4.7. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. ಆದುದರಿಂದ ದೂರವು ಸುಮಾರು 520 ಕಿಲೋಮೀಟರು.

ಅಂದು ಹಾರಿದ ಎ.ಟಿ.ಆರ್. ವಿಮಾನದ ವೇಗವು ಗಂಟೆಗೆ ಸುಮಾರು 500 ಕಿಲೋಮೀಟರು. ಲೆಕ್ಕಕ್ಕೆ ಒಂದು ಗಂಟೆಯ ಹಾದಿ. ಆದರೆ ನೆಲದ ಮೇಲಿನ ಓಟ, ಏರಿಕೆ, ಇಳಿತಗಳಲ್ಲಿ ಪೂರ್ಣವೇಗವಿರುವುದಿಲ್ಲ. ಎದುರುಗಾಳಿಯೂ ವೇಗವನ್ನು ಕುಗ್ಗಿಸುತ್ತದೆ. ಆದಕಾರಣ ವೇಳಾಪಟ್ಟಿಯು ಹೆಚ್ಚು ಹೊತ್ತನ್ನು ಕೊಡುತ್ತದೆ. ಬೆಂಗಳೂರಿನಲ್ಲಿ ಪರೀಕ್ಷೆಗೆ ಕೂರಬೇಕಾದ ಔರಾದಿನ ಅಥವಾ ಭಾಲ್ಕಿಯ ವಿದ್ಯಾರ್ಥಿಯು ಬೀದರಿನವರೆಗಿನ ರಸ್ತೆಯ ಹೊತ್ತನ್ನೂ ಕೂಡಿಸಿ, ಲೆಕ್ಕವನ್ನು ತನ್ನ ಮನೆಯ ಹೊಸ್ತಿಲಿನಿಂದಲೇ ಆರಂಭಿಸಬೇಕು.